ಬೀಸುಕಲ್ಲಿಗೆ ಎಷ್ಟು ಮನೆ?

ನಾವು ಮೂವರು ಸೆಕೆಂಡ್ ಇಯರ್‌ನವರು, ಒಂದೇ ಹಾಸ್ಟೆಲ್ ರೂಮಿನವರು. ಮೂವರೂ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಮಾತಾಡೋದು ಸರಾಗ, ಬರೆಯೋಕೆ ಕೂತರೆ ಒತ್ತಕ್ಷರದ ಹತ್ರ ಕೈ ನಿಲ್ಲುತ್ತೆ. ಇಂಥ ನಮಗೆ ಒತ್ತಕ್ಷರ ಅಂದ್ರೆ ಏನು ಅಂತ ಸರಿಯಾಗಿ ಅರ್ಥ ಆಗಿದ್ದು ಸ್ಕೂಲಿನ ಕನ್ನಡ ಪೀರಿಯಡ್‌ನಲ್ಲಿ ಅಲ್ಲ, ಜಾವಾಸ್ಕ್ರಿಪ್ಟ್ ಬರೆಯುವಾಗ. ಅದು ಹೇಗೆ ಅನ್ನೋದನ್ನ ಇಲ್ಲಿ ಬರೆದಿದ್ದೀವಿ. ವೆಬ್‌ಸೈಟ್ ಮಾಡಬೇಕು ಅಂತಿರುವ ಜೂನಿಯರ್‌ಗಳಿಗೆ ಉಪಯೋಗ ಆಗಬಹುದು.

ಕಳೆದ ರಜೆಯಲ್ಲಿ ಸೇರಿ ಒಂದು ಸ್ವಂತ ವೆಬ್‌ಸೈಟ್ ಮಾಡೋಣ ಅಂತ ಹೊರಟ್ವಿ. ಫೋಟೋ, ರೆಸ್ಯೂಮ್, ಪ್ರಾಜೆಕ್ಟ್ ಪಟ್ಟಿ ಇರೋ ಥರದ್ದು ಬೇಡ, ಅದು ಎಲ್ಲರ ಹತ್ರಾನೂ ಇದೆ. ನಮ್ಮಲ್ಲಿ ಒಬ್ಬನ ಅಜ್ಜಿ ಅರಸೀಕೆರೆ ಕಡೆಯ ಹಳ್ಳಿಯಲ್ಲಿದ್ದಾರೆ. ಅವರ ಮನೆಗೆ ಹೋದಾಗ ಒನಕೆ, ಮೊರ, ಕಣಜ, ಗುಡಾಣ, ಹರಿವಾಣ ಅಂತ ಒಂದೊಂದೇ ಪದ ಕಿವಿಗೆ ಬೀಳ್ತಿತ್ತು. ಅರ್ಧಕ್ಕರ್ಧ ನಮಗೆ ಗೊತ್ತೇ ಇರಲಿಲ್ಲ. ಒನಕೆ ಓಬವ್ವ ಗೊತ್ತು, ಒನಕೆ ನೋಡಿರಲಿಲ್ಲ! ಅವನ್ನೆಲ್ಲ ಪಟ್ಟಿ ಮಾಡಿ, ಸುಳಿವು ಕೊಟ್ಟು ಪದ ಊಹಿಸುವ ಒಂದು ಆಟ ಮಾಡೋಣ ಅಂದುಕೊಂಡ್ವಿ.

ಒಂದು ಸೂಚನೆ: ಟ್ಯಾಗ್‌ಗಳ ಹೆಸರನ್ನ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೀವಿ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು, ಇಲ್ಲದಿದ್ರೆ ಬ್ರೌಸರ್‌ಗೆ ಅರ್ಥ ಆಗಲ್ಲ.

ಗುರುತು ಹಾಕುವ ಭಾಷೆ

ಮಾರ್ಕಪ್ ಅಂದ್ರೆ ಗುರುತು ಹಾಕೋದು. ಈ ಪದ ಅಚ್ಚಿನ ಲೋಕದಿಂದ ಬಂದದ್ದು. ಹಸ್ತಪ್ರತಿಯ ಅಂಚಿನಲ್ಲಿ “ಇದು ಶೀರ್ಷಿಕೆ”, “ಇದು ದಪ್ಪ ಅಕ್ಷರ” ಅಂತ ಅಚ್ಚು ಜೋಡಿಸುವವರಿಗೆ ಸಂಪಾದಕರು ಹಾಕ್ತಿದ್ದ ಗುರುತುಗಳೇ ಮಾರ್ಕಪ್. ಅದನ್ನ ಕಂಪ್ಯೂಟರ್‌ಗೆ ತಂದವರಲ್ಲಿ ಐಬಿಎಂನ ಮೂವರು ಮುಖ್ಯರು: ಗೋಲ್ಡ್‌ಫಾರ್ಬ್, ಮೋಷರ್, ಲೋರಿ. 1969ರಲ್ಲಿ ಅವರು ಕಟ್ಟೋಕೆ ಶುರು ಮಾಡಿದ ಭಾಷೆಯ ಹೆಸರು ಜಿಎಂಎಲ್. ಜನರಲೈಸ್ಡ್ ಮಾರ್ಕಪ್ ಲಾಂಗ್ವೇಜ್ ಅಂತ ಬಿಡಿಸಬಹುದು, ಆದರೆ ಅದು ಆ ಮೂವರ ಹೆಸರಿನ ಮೊದಲ ಅಕ್ಷರಗಳೂ ಹೌದು. (ನಮ್ಮ ಮೂವರ ಅಕ್ಷರ ಜೋಡಿಸಿ ನೋಡಿದ್ವಿ, ಹೇಳುವಂಥ ಹೆಸರು ಬರಲಿಲ್ಲ.) ಅದರಿಂದ ಎಸ್‌ಜಿಎಂಎಲ್ ಬಂತು. ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್ ಲೀ 1989ರಲ್ಲಿ ವೆಬ್‌ನ ಪ್ರಸ್ತಾವ ಬರೆದು, ಆಮೇಲೆ ಎಸ್‌ಜಿಎಂಎಲ್ ಮಾದರಿಯಲ್ಲೇ ಎಚ್‌ಟಿಎಂಎಲ್ ಮಾಡಿದರು.

ನಾವು ಶುರು ಮಾಡಿದ್ದು ಎಚ್‌ಟಿಎಂಎಲ್‌ನಿಂದ ಅಲ್ಲ, ಮಾರ್ಕ್‌ಡೌನ್‌ನಿಂದ. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಈ ಪದ್ಧತಿ ತುಂಬ ಸುಲಭ. ಸಾಲಿನ ಮುಂದೆ ಹ್ಯಾಶ್ ಹಾಕಿದ್ರೆ ಶೀರ್ಷಿಕೆ, ಪದದ ಎರಡೂ ಕಡೆ ನಕ್ಷತ್ರ ಅಥವಾ ಅಂಡರ್‌ಸ್ಕೋರ್ ಹಾಕಿದ್ರೆ ಓರೆ ಅಕ್ಷರ, ಎರಡೆರಡು ಹಾಕಿದ್ರೆ ದಪ್ಪ. ಇಂಗ್ಲಿಷ್ ಮನಸ್ಸಲ್ಲಿಟ್ಟುಕೊಂಡು ಮಾಡಿದ್ದು ಅಂತ ಗೊತ್ತಾಗಿದ್ದು ಎರಡನೇ ದಿನ. “ಒನಕೆಯನ್ನು” ಅಂತ ಬರೀಬೇಕು, ಅದರಲ್ಲಿ “ಒನಕೆ” ಮಾತ್ರ ಓರೆಯಾಗಬೇಕು. ಅಂಡರ್‌ಸ್ಕೋರ್ ಹಾಕಿದ್ವಿ. ಏನೂ ಆಗಲಿಲ್ಲ, ಅಂಡರ್‌ಸ್ಕೋರ್ ಹಾಗೇ ಪುಟದಲ್ಲಿ ಕಾಣಿಸ್ತು. ಕಾರಣ ಏನಂದ್ರೆ ಈಗ ಬಳಕೆಯಲ್ಲಿರುವ ಕಾಮನ್‌ಮಾರ್ಕ್ ನಿಯಮದ ಪ್ರಕಾರ ಪದದ ಮಧ್ಯೆ ಬರುವ ಅಂಡರ್‌ಸ್ಕೋರ್ ಗುರುತು ಅಲ್ಲ. ಪ್ರೋಗ್ರಾಂಗಳ ವೇರಿಯಬಲ್ ಹೆಸರಿನೊಳಗೆ ಅಂಡರ್‌ಸ್ಕೋರ್ ಬರುತ್ತಲ್ಲ, ಅದು ಕೆಡಬಾರದು ಅಂತ. ಇಂಗ್ಲಿಷಿನಲ್ಲಿ ಪದ ಮುಗಿದ ಮೇಲೆ ಖಾಲಿ ಜಾಗ ಇರುತ್ತೆ, ತೊಂದರೆ ಇಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತೆ. ಹಾಗಾಗಿ ಕನ್ನಡ ಬರೆಯುವವರು ನಕ್ಷತ್ರವನ್ನೇ ಬಳಸಿ, ಅದಕ್ಕೆ ಈ ನಿರ್ಬಂಧ ಇಲ್ಲ. ಆದರೂ ಪದಕ್ಕೆ ಉದ್ಧರಣ ಚಿಹ್ನೆ ಹಾಕಿ ಅದರ ಹೊರಗೆ ನಕ್ಷತ್ರ ಹಾಕಿ, ಆಮೇಲೆ “ಯನ್ನು” ಅಂಟಿಸಿದ್ರೆ ಅದೂ ಕೈ ಕೊಡುತ್ತೆ. ಪ್ರಥಮಾ, ದ್ವಿತೀಯಾ ಅಂತ ಉರು ಹೊಡೆದಿದ್ದು ಇಲ್ಲಿ ನೆನಪಾಯ್ತು.

ಈ ಕಿರಿಕಿರಿ ಬೇಡ ಅಂತ ನೇರ ಎಚ್‌ಟಿಎಂಎಲ್‌ಗೇ ಬಂದ್ವಿ. ಕನ್ನಡ ಪುಟಕ್ಕೆ ಮರೀಬಾರದ ಸಾಲು ಎರಡು. ಮೊದಲನೇದು, ಹೆಡ್ ಭಾಗದ ಶುರುವಿನಲ್ಲೇ ಮೆಟಾ ಟ್ಯಾಗ್ ಹಾಕಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಂತ ಹೇಳಬೇಕು. ಅದು ಫೈಲಿನ ಮೊದಲ 1024 ಬೈಟ್‌ಗಳ ಒಳಗೇ ಇರಬೇಕು ಅನ್ನೋದು ನಿಯಮ. ಹೇಳದಿದ್ರೆ ಬ್ರೌಸರ್ ಊಹೆ ಮಾಡುತ್ತೆ. ನಮ್ಮ ವಿಷಯದಲ್ಲಿ ತಪ್ಪು ಊಹೆ ಮಾಡಿ, ಪುಟದ ತುಂಬ ತಲೆ ಮೇಲೆ ಗೀಟಿರೋ ಲ್ಯಾಟಿನ್ ಅಕ್ಷರ ತುಂಬಿಸ್ತು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಮೂರನ್ನೂ ಬೇರೆ ಬೇರೆ ಅಕ್ಷರ ಅಂತ ಓದಿದ್ರೆ ಹೀಗೆ ಆಗುತ್ತೆ. ಎರಡನೇದು, ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಲ್ಯಾಂಗ್ ಅಂತ ಬರೆದು ಭಾಷೆ ಕನ್ನಡ, ಅಂದ್ರೆ “ಕೆಎನ್” ಅಂತ ಹೇಳೋದು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೆ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ಗೊತ್ತಾಗೋದು ಇದರಿಂದ.

ಜಾವಾಸ್ಕ್ರಿಪ್ಟ್ ಇಲ್ಲದ ಆಟ

ಮೊದಲ ಆವೃತ್ತಿಗೆ ಒಂದು ಸಾಲೂ ಜಾವಾಸ್ಕ್ರಿಪ್ಟ್ ಬೇಕಾಗಲಿಲ್ಲ. ಎಚ್‌ಟಿಎಂಎಲ್‌ನಲ್ಲೇ ಡೀಟೇಲ್ಸ್ ಅಂತ ಒಂದು ಟ್ಯಾಗ್ ಇದೆ, ಅದರೊಳಗೆ ಸಮ್ಮರಿ ಅಂತ ಇನ್ನೊಂದು. ಸಮ್ಮರಿಯಲ್ಲಿ ಸುಳಿವು ಬರೆದ್ವಿ, ಉಳಿದ ಜಾಗದಲ್ಲಿ ಉತ್ತರ. ಪುಟದಲ್ಲಿ ಸುಳಿವು ಮಾತ್ರ ಕಾಣುತ್ತೆ, ಮುಟ್ಟಿದ್ರೆ ಉತ್ತರ ತೆರೆದುಕೊಳ್ಳುತ್ತೆ, ಮತ್ತೆ ಮುಟ್ಟಿದ್ರೆ ಮುಚ್ಚಿಕೊಳ್ಳುತ್ತೆ. ಕೀಬೋರ್ಡ್‌ನಿಂದಲೂ ನಡೆಯುತ್ತೆ. ಇಷ್ಟಕ್ಕೇ ಯೂಟ್ಯೂಬ್ ವಿಡಿಯೋದಲ್ಲಿ ಒಬ್ಬರು ನಲವತ್ತು ಸಾಲು ಕೋಡ್ ಬರೆಸಿದ್ದರು. ನಮ್ಮ ಅನಿಸಿಕೆ: ಬರೀ ತೆರೆದು ಮುಚ್ಚುವ ಕೆಲಸ ಇದ್ರೆ ಇಲ್ಲೇ ನಿಲ್ಲಿಸಿ.

ಆದರೆ ನಮಗೆ ಇಷ್ಟು ಸಾಕಾಗಲಿಲ್ಲ. ಪದಕ್ಕೆ ಎಷ್ಟು ಅಕ್ಷರವೋ ಅಷ್ಟು ಚೌಕ ತೋರಿಸಬೇಕು, ಆಡುವವರು ಟೈಪ್ ಮಾಡಬೇಕು, ಸರಿ ಇದ್ರೆ ಚೌಕ ಹಸಿರಾಗಬೇಕು ಅಂತ ಆಸೆ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಟ್ರಿಂಗ್‌ನ ಉದ್ದ ಹೇಳುವ ಲೆಂಗ್ತ್ ಇದ್ದೇ ಇದೆ. “ಕಣಜ” ಕೊಟ್ಟು ನೋಡಿದ್ವಿ, 3 ಅಂತು. ಮೂರು ಚೌಕ ಬಂತು. ಸರಿ ಇದೆ ಅಂತ ಉಳಿದ ಪದಗಳನ್ನ ತುಂಬಿಸಿಬಿಟ್ವಿ. ಒಂದೇ ಪದದಲ್ಲಿ ಟೆಸ್ಟ್ ಮಾಡಿದ್ದು, ಅದೂ ಒತ್ತಿಲ್ಲದ, ಗುಣಿತವಿಲ್ಲದ ಪದ. ಲ್ಯಾಬ್‌ನಲ್ಲಿ ಮಾಡಿದ್ರೆ ಮೇಡಂ ರೆಕಾರ್ಡ್ ವಾಪಸ್ ಎಸೀತಿದ್ರು.

ಅಜ್ಜಿ ಎಣಿಸಿದ್ದು

ಊರಿಗೆ ಹೋದಾಗ ಮೊಬೈಲನ್ನ ಅಜ್ಜಿ ಕೈಗೆ ಕೊಟ್ವಿ. ಅವರು ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಕನ್ನಡ ಪೇಪರ್ ಓದ್ತಾರೆ. ಸುಳಿವು ನಾವೇ ಬರೆದದ್ದು: ರಾಗಿ ಹಿಟ್ಟು ಮಾಡುವ ಎರಡು ಕಲ್ಲು, ಮೇಲಿನದು ತಿರುಗುತ್ತೆ, ಕೆಳಗಿನದು ಅಲ್ಲಾಡಲ್ಲ. ಕೆಳಗೆ ಚೌಕಗಳು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

“ಏನ್ರಪ್ಪ ಇದು, ಇಷ್ಟೊಂದು ಮನೆ ಬರ್ದಿದ್ದೀರ? ಬೀಸುಕಲ್ಲಿಗೆ ನಾಲ್ಕ್ ಮನೆ ಸಾಕು ಕಣ್ರಪ್ಪ.”

ಚೌಕಾಬಾರದಲ್ಲಿ ಚೌಕಕ್ಕೆ ಮನೆ ಅಂತಾರಲ್ಲ, ಹಾಗೆ. ಪರದೆ ಮೇಲೆ ಒಂಬತ್ತು ಮನೆ ಇತ್ತು. ಅಜ್ಜಿ ಬೆರಳು ಮಡಚಿ ಎಣಿಸಿದರು: ಬೀ, ಸು, ಕ, ಲ್ಲು. ಮೊಮ್ಮಗ ಸುಮ್ಮನಿರಬೇಕಿತ್ತು. “ಇಲ್ಲ ಅಜ್ಜಿ, ಕಂಪ್ಯೂಟರ್ ಎಣಿಸಿರೋದು, ತಪ್ಪಾಗಲ್ಲ” ಅಂದ.

“ಅದ್ಯಾವ್ ಇಸ್ಕೂಲ್ನಾಗೆ ಓದೈತಂತಪ್ಪ?”

ಸತ್ಯ ಹೇಳಬೇಕು ಅಂದ್ರೆ ಆ ಕ್ಷಣದಲ್ಲಿ ನಾವು ಮೂವರೂ ಕಂಪ್ಯೂಟರ್ ಪರವೇ ಇದ್ವಿ. “ಲ್ಲು” ಅನ್ನೋದರಲ್ಲಿ ಎರಡು ಲ ಇದೆಯಲ್ಲ, ಅಜ್ಜಿ ಒಂದನ್ನ ಬಿಟ್ಟಿರಬೇಕು ಅಂತ ನಮ್ಮ ಲೆಕ್ಕ. ಆದರೂ ಒಂಬತ್ತು ಹೇಗೆ ಅಂತ ನಮಗೂ ಹೇಳೋಕೆ ಬರಲಿಲ್ಲ. ರಾತ್ರಿ ಕೂತು ಪದವನ್ನ ಬಿಡಿಸಿ ನೋಡಿದ್ವಿ.

ಯೂನಿಕೋಡ್ ಪ್ರಪಂಚದ ಎಲ್ಲ ಲಿಪಿಗಳ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುತ್ತೆ. ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ, ಒಟ್ಟು 128 ಸ್ಥಾನ. ಜಾವಾಸ್ಕ್ರಿಪ್ಟ್‌ಗೆ “ಬೀಸುಕಲ್ಲು” ಕಾಣೋದು ಹೀಗೆ: 3244, 3264, 3256, 3265, 3221, 3250, 3277, 3250, 3265. ಮೊದಲನೇದು ಬ, ಎರಡನೇದು ಈ ಕಾರದ ಗುಣಿತ ಚಿಹ್ನೆ, ಆಮೇಲೆ ಸ, ಉ ಕಾರದ ಕೊಂಬು, ಕ, ಲ. ನಂತರ ಬರುವ 3277 ಅರ್ಧಾಕ್ಷರದ ಚಿಹ್ನೆ, ಹಲಂತ. ಆಮೇಲೆ ಮತ್ತೆ ಲ, ಮತ್ತೆ ಕೊಂಬು. ಒಟ್ಟು ಒಂಬತ್ತು. ಲೆಂಗ್ತ್ ಸುಳ್ಳು ಹೇಳಿರಲಿಲ್ಲ, ಅದು ಎಣಿಸಿದ್ದು ಅಕ್ಷರವನ್ನಲ್ಲ, ಚಿಹ್ನೆಗಳನ್ನ.

ಇಲ್ಲಿ ನಮಗೆ ಹೊಳೆದದ್ದು ಒಂದು. ಯೂನಿಕೋಡ್‌ನಲ್ಲಿ ಕನ್ನಡದ ಒತ್ತಕ್ಷರಗಳಿಗೆ ಬೇರೆ ಸಂಖ್ಯೆಯೇ ಇಲ್ಲ! ಕ ಒತ್ತು, ತ ಒತ್ತು ಅಂತ ಪಟ್ಟಿ ಇಲ್ಲ. ಹಲಂತ ಬಂದು ಅದರ ಹಿಂದೇ ವ್ಯಂಜನ ಬಂದ್ರೆ, ಅದನ್ನ ಕೆಳಗೆ ಒತ್ತಾಗಿ ಬರೆಯೋದು ಫಾಂಟಿನ ಕೆಲಸ. ಹಳೇ ಕಾಲದ ಆಸ್ಕಿ ಫಾಂಟ್‌ಗಳಲ್ಲಿ ಒತ್ತಿಗೆ ಬೇರೆ ಸಂಖ್ಯೆ ಇರ್ತಿತ್ತು, ಯಾಕಂದ್ರೆ ಅವು ಆಕಾರವನ್ನ ಶೇಖರಿಸ್ತಿದ್ವು. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನ ಶೇಖರಿಸುತ್ತೆ. ಲ್, ಆಮೇಲೆ ಲ, ಆಮೇಲೆ ಉ. ಸ್ಕೂಲಲ್ಲಿ “ವ್ಯಂಜನಕ್ಕೆ ವ್ಯಂಜನ ಸೇರಿ ಸಂಯುಕ್ತಾಕ್ಷರ” ಅಂತ ಬರೆಸಿದ್ದರು. ಮಾರ್ಕ್ಸ್ ಬಂತು, ಅರ್ಥ ಈಗ ಬಂತು. “ಸ್ತ್ರೀ” ಕೂಡ ಹಾಗೇ: ಚಿಹ್ನೆ ಆರು, ಅಕ್ಷರ ಒಂದು.

ರೆಡಿಮೇಡ್ ಸಿಗುತ್ತಾ?

ಇಷ್ಟು ದೊಡ್ಡ ಸಮಸ್ಯೆಗೆ ಯಾರಾದ್ರೂ ಪರಿಹಾರ ಬರೆದೇ ಇರ್ತಾರೆ ಅಂತ ಹುಡುಕಿದ್ವಿ. ಬ್ರೌಸರ್‌ನಲ್ಲೇ ಇಂಟಲ್ ಸೆಗ್ಮೆಂಟರ್ ಅಂತ ಒಂದಿದೆ. ಪಠ್ಯವನ್ನ ಓದುಗರಿಗೆ ಒಂದು ಅಕ್ಷರ ಅನ್ನಿಸುವ ತುಂಡುಗಳಾಗಿ ಒಡೆಯೋದು ಅದರ ಕೆಲಸ. “ಬೀಸುಕಲ್ಲು” ಕೊಟ್ವಿ. ಬೀ, ಸು, ಕ, ಲ್, ಲು. ಐದು. ಗುಣಿತ ಸೇರಿಸ್ತು, ಒತ್ತನ್ನ ಸೇರಿಸಲಿಲ್ಲ. “ಕನ್ನಡ” ಕೊಟ್ರೆ ಕ, ನ್, ನ, ಡ ಅಂತ ನಾಲ್ಕು ತುಂಡು.

ಕಾರಣ ಯೂನಿಕೋಡ್‌ನ ನಿಯಮದಲ್ಲೇ ಇದೆ. ಮೊದಲು ಭಾರತದ ಯಾವ ಲಿಪಿಗೂ ಒತ್ತನ್ನ ಸೇರಿಸಿ ಹಿಡಿಯುವ ನಿಯಮ ಇರಲಿಲ್ಲ. 2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಅದನ್ನ ಸೇರಿಸಿದರು. ಆದರೆ ಆರು ಲಿಪಿಗಳಿಗೆ ಮಾತ್ರ: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಪಕ್ಕದ ತೆಲುಗು ಇದೆ, ಅದರಲ್ಲೂ ಒತ್ತು ಕೆಳಗೇ ಬರುತ್ತೆ. ನೋಡಿ ಬೇಜಾರಾಯ್ತು, ಸುಳ್ಳು ಯಾಕೆ ಹೇಳೋದು. ಆದರೆ ಬೇಜಾರು ಮಾಡಿಕೊಂಡು ಕೂತ್ರೆ ಅಜ್ಜಿಗೆ ನಾಲ್ಕು ಮನೆ ಬರಲ್ಲ.

ನಾವೇ ಬರೆದ ನಿಯಮ ಇದು. ಖಾಲಿ ಪಟ್ಟಿ ಒಂದು ಇಟ್ಟುಕೊಳ್ಳಿ. ಪದದ ಚಿಹ್ನೆಗಳನ್ನ ಎಡದಿಂದ ಒಂದೊಂದಾಗಿ ತಗೊಳ್ಳಿ. ಬಂದದ್ದು ಸ್ವರ ಆಗಿದ್ರೆ ಹೊಸ ಮನೆ. ವ್ಯಂಜನ ಆಗಿದ್ರೆ, ಅದರ ತಕ್ಷಣ ಹಿಂದಿನ ಚಿಹ್ನೆ 3277 ಇದೆಯಾ ಅಂತ ನೋಡಿ. ಇದ್ರೆ ಇದು ಒತ್ತು, ಕೊನೇ ಮನೆಗೇ ಸೇರಿಸಿ. ಇಲ್ಲದಿದ್ರೆ ಹೊಸ ಮನೆ. ಗುಣಿತ ಚಿಹ್ನೆ, ಅನುಸ್ವಾರ, ವಿಸರ್ಗ, ಹಲಂತ, ಬೇರೆ ಏನೇ ಬಂದ್ರೂ ಕೊನೇ ಮನೆಗೆ ಸೇರಿಸಿ. ಅಷ್ಟೇ. ವ್ಯಂಜನ ಅಂದ್ರೆ ಕ ಇರುವ 3221ರಿಂದ ಹ ಇರುವ 3257ರವರೆಗೆ. ಹಳಗನ್ನಡದ ೞ ಮಾತ್ರ ಸಾಲು ಬಿಟ್ಟು 3294ರಲ್ಲಿ ಕೂತಿದೆ, ಹಳೇ ಪದ ಬೇಕಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಕೋಡ್ ಹದಿನೈದು ಸಾಲೂ ಆಗಲಿಲ್ಲ.

ಇದರಲ್ಲಿ ನಾವು ಯೋಚಿಸದೇ ಇದ್ದ ಒಂದು ಲಾಭ ಬಂತು. “ಎಚ್‌ಟಿಎಂಎಲ್” ಅಂತ ಬರೆಯುವಾಗ ಚ್ ಕೆಳಗೆ ಟ ಒತ್ತು ಬರಬಾರದು ಅಂತ ಮಧ್ಯೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕ್ತೀವಿ, ಅದರ ಸಂಖ್ಯೆ 8204. ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಟ ಬಂದಾಗ ಹಿಂದಿನ ಚಿಹ್ನೆ 8204, ಹಲಂತ ಅಲ್ಲ. ಹಾಗಾಗಿ ತಾನಾಗೇ ಹೊಸ ಮನೆ. ಬೇರೆ ನಿಯಮ ಬರೆಯಬೇಕಾಗಲಿಲ್ಲ.

“ಸೈಕಲ್” ಥರದ ಪದಕ್ಕೆ ಎರಡು ಮನೆಯಾ ಮೂರಾ ಅಂತ ರೂಮಿನಲ್ಲಿ ಜಗಳ ಆಯ್ತು. ಛಂದಸ್ಸಿನ ಲೆಕ್ಕದಲ್ಲಿ ಕೊನೇ ಅರ್ಧಾಕ್ಷರ ಹಿಂದಿನ ಅಕ್ಷರಕ್ಕೇ ಸೇರಿ ಅದನ್ನ ಗುರು ಮಾಡುತ್ತೆ, ಬೇರೆ ಅಕ್ಷರ ಅಲ್ಲ. ಉತ್ಪಲಮಾಲೆಗೆ ಸಾಲಿಗೆ 20, ಚಂಪಕಮಾಲೆಗೆ 21 ಅಂತ ಎಣಿಸೋದು ಹಾಗೇ. ಆದರೆ ನಾವು ನೋಡಿದ ಪದಬಂಧಗಳಲ್ಲಿ ಲ್‌ಗೆ ಸ್ವಂತ ಮನೆ ಇರುತ್ತೆ. ನಮ್ಮದು ಮನೆ ತುಂಬುವ ಆಟ, ಹಾಗಾಗಿ ಪದಬಂಧದ ಪರ ತೀರ್ಪು ಕೊಟ್ವಿ. ಕವಿತೆಗೆ ಪ್ರೋಗ್ರಾಂ ಬರೆಯೋರು ಉಲ್ಟಾ ಮಾಡಬೇಕಾಗುತ್ತೆ.

ಮನೆ ನಾಲ್ಕಾದ ಮೇಲೂ “ಲ್ಲು” ಒತ್ತಿನ ಬಾಲ ಕತ್ತರಿಸಿ ಹೋಗಿತ್ತು. ಚೌಕದ ಎತ್ತರ, ಸಾಲಿನ ಎತ್ತರ ಎರಡನ್ನೂ ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟಿದ್ವಿ. ಸಿಎಸ್‌ಎಸ್‌ನಲ್ಲಿ ಲೈನ್ ಹೈಟ್ 1.8 ಮಾಡಿದ ಮೇಲೆ ಸರಿಹೋಯ್ತು.

ಸರಿ ಉತ್ತರಕ್ಕೆ ತಪ್ಪು ಅಂದಾಗ

ಇನ್ನೊಂದು ಬಗ್ ಎರಡು ದಿನ ತಿಂತು. ಉತ್ತರ “ಕೊಡ”. ನಾವು “ಕೊಡ” ಅಂತಾನೇ ಟೈಪ್ ಮಾಡ್ತಿದ್ವಿ, ಕೆಂಪು ಬರ್ತಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಸಂಖ್ಯೆ ತೆಗೆದು ನೋಡಿದಾಗ ಗುಟ್ಟು ಗೊತ್ತಾಯ್ತು. ನಾವು ಟೈಪ್ ಮಾಡಿದ್ದು 3221, 3274, 3233. ಪಟ್ಟಿಯಲ್ಲಿದ್ದದ್ದು 3221, 3270, 3266, 3233. ಒ ಕಾರದ ಗುಣಿತವನ್ನ ಒಂದೇ ಚಿಹ್ನೆಯಾಗಿಯೂ ಬರೀಬಹುದು, ಎ ಕಾರದ ಚಿಹ್ನೆ ಮತ್ತು ಊ ಕಾರದ ಚಿಹ್ನೆ ಸೇರಿಸಿಯೂ ಬರೀಬಹುದು. ಕೈಬರಹದಲ್ಲಿ ಎತ್ವ, ಕೊಂಬು, ದೀರ್ಘ ಅಂತ ತುಂಡು ತುಂಡಾಗಿ ಬರೀತೀವಲ್ಲ, ಅದೇ. ಪದಪಟ್ಟಿಯ ಒಂದು ಭಾಗ ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಿದ ಫೈಲಿನಿಂದ ಬಂದಿತ್ತು, ಅಲ್ಲಿ ತುಂಡಾಗಿತ್ತು.

ಪರಿಹಾರಕ್ಕೆ ಹೆಚ್ಚು ಕಷ್ಟ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ನಾರ್ಮಲೈಸ್ ಅಂತ ಒಂದು ಫಂಕ್ಷನ್ ಇದೆ, ಅದು ಎರಡನ್ನೂ ಒಂದೇ ರೂಪಕ್ಕೆ ತರುತ್ತೆ. ಹೋಲಿಸುವ ಮುಂಚೆ ಎರಡೂ ಕಡೆ ಅದನ್ನ ಕರೀಬೇಕು, ಖಾಲಿ ಜಾಗ ಮತ್ತು 8204 ಇದ್ರೆ ತೆಗೀಬೇಕು. ಕನ್ನಡದಲ್ಲಿ ಹುಡುಕೋ ಪೆಟ್ಟಿಗೆ ಇರುವ ಯಾವ ಪುಟಕ್ಕೂ ಇದು ಬೇಕು.

ಉಳಿದ ಸಣ್ಣಪುಟ್ಟದ್ದನ್ನ ಬೇಗ ಹೇಳ್ತೀವಿ. ಒಂದೊಂದು ಕೀ ಒತ್ತಿದಾಗಲೂ ಉತ್ತರ ಪರೀಕ್ಷಿಸೋಕೆ ಹೋಗಬೇಡಿ. ಆಂಡ್ರಾಯ್ಡ್ ಫೋನಿನ ಕೀಬೋರ್ಡ್‌ಗಳು ಬಹಳ ಸಲ ಯಾವ ಕೀ ಅಂತ ಹೇಳದೆ 229 ಅನ್ನೋ ಒಂದೇ ಸಂಖ್ಯೆ ಕಳಿಸುತ್ವೆ, ಕನ್ನಡ ಅಕ್ಷರ ಇನ್ನೂ ಅರ್ಧ ಕಟ್ಟಿರುತ್ತೆ. “ನೋಡು” ಅಂತ ಒಂದು ಬಟನ್ ಇಟ್ಟು, ಅದನ್ನ ಒತ್ತಿದಾಗ ಮಾತ್ರ ಪರೀಕ್ಷಿಸಿ. ಆಡುವವರ ಹೆಸರು ಕೇಳಿ ಪುಟದಲ್ಲಿ ತೋರಿಸೋದಾದ್ರೆ ಇನ್ನರ್ ಎಚ್‌ಟಿಎಂಎಲ್ ಬಳಸಬೇಡಿ, ಟೆಕ್ಸ್ಟ್ ಕಂಟೆಂಟ್ ಬಳಸಿ. ಪಕ್ಕದ ರೂಮಿನವನೊಬ್ಬ ಹೆಸರಿನ ಜಾಗದಲ್ಲಿ ಮಾರ್ಕೀ ಟ್ಯಾಗ್ ಹಾಕಿ, ತನ್ನ ಹೆಸರು ಬಸ್ ಬೋರ್ಡಿನ ಥರ ಪುಟದ ತುಂಬ ಓಡೋ ಹಾಗೆ ಮಾಡಿದ್ದ. ಅವನು ತಮಾಷೆ ಮಾಡಿದ, ಬೇರೆಯವರು ಅದೇ ದಾರಿಯಲ್ಲಿ ಸ್ಕ್ರಿಪ್ಟ್ ನುಗ್ಗಿಸಬಹುದು. ಅಂಕಗಳನ್ನ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟಿದ್ದೀವಿ, ಅದು ಆ ಫೋನಿನ ಆ ಬ್ರೌಸರ್‌ನಲ್ಲಿ ಮಾತ್ರ ಉಳಿಯುತ್ತೆ.

ಸಂಕ್ರಾಂತಿಗೆ ಮತ್ತೆ ಹೋದಾಗ ಅಜ್ಜಿಗೆ ಹೊಸ ಆವೃತ್ತಿ ತೋರಿಸಿದ್ವಿ. ಬೀಸುಕಲ್ಲು ನಾಲ್ಕು ಮನೆ, ಒನಕೆ ಮೂರು, ಮೊರ ಎರಡು. ಒಪ್ಪಿಕೊಂಡರು. ಮುಂದಿನ ಸುಳಿವಿಗೆ ಬಂದು ನಿಂತರು. ಉತ್ತರ “ಒರಳು”, ಮೂರು ಮನೆ. ಅಜ್ಜಿ ಅದನ್ನ ಕರೆಯೋದು “ಒಳ್ಳು”, ಎರಡೇ ಮನೆ ಸಾಕು. ನಮ್ಮಲ್ಲಿ ಧಾರವಾಡದ ಕಡೆಯವನ ಅಮ್ಮ “ಒಳಕಲ್ಲು” ಅಂತಾರೆ, ಅದಕ್ಕೆ ನಾಲ್ಕು. ಉತ್ತರಗಳನ್ನ ಒಂದು ಅರೇಯಲ್ಲಿಟ್ಟು ಮೂರನ್ನೂ ಸರಿ ಅನ್ನೋದು ಸುಲಭ, ಅದು ಆಗಿದೆ. ಆದರೆ ಆಡೋಕೆ ಮುಂಚೆ ಎಷ್ಟು ಮನೆ ತೋರಿಸೋದು? ಊರು ಯಾವುದು ಅಂತ ಮೊದಲೇ ಕೇಳೋಣ ಅಂತ ಒಬ್ಬ, ಮನೆ ತೋರಿಸದೇ ಬಿಡೋಣ ಅಂತ ಇನ್ನೊಬ್ಬ. ಸದ್ಯಕ್ಕೆ ಆ ಸುಳಿವಿನ ಕೆಳಗೆ ಎರಡರ, ಮೂರರ, ನಾಲ್ಕರ ಮೂರು ಸಾಲು ಮನೆ ಬಿಡಿಸಿದ್ದೀವಿ, ಬೇಕಾದ್ದನ್ನ ತುಂಬಬಹುದು. ನಿಮ್ಮ ಮನೆಯಲ್ಲಿ ಅದಕ್ಕೆ ನಾಲ್ಕನೇ ಹೆಸರಿದ್ರೆ ನಮ್ಮ ರೂಮಿಗೆ ಬಂದು ಹೇಳಿ.